ಕೈ ತೋರಿಸಿದರೆ ನಿಲ್ಲುವ ಮನೆ

ನನ್ನ ಗಂಡ ಮೂವತ್ತೊಂದು ವರ್ಷ ಕುಂಬಳೆ–ಬದಿಯಡ್ಕ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸಿದರು. ಅಷ್ಟು ವರ್ಷ ಓಡಿಸಿದ ರಸ್ತೆಯನ್ನು ಉದ್ದಕ್ಕೆ ಹಾಸಿದ್ದರೆ ಯಾವ ದೇಶ ಮುಟ್ಟುತ್ತಿದ್ದರೋ, ಇವರು ಮಾತ್ರ ಕುಂಬಳೆಯಿಂದ ಹೊರಟು ಬದಿಯಡ್ಕ ಮುಟ್ಟಿ ಮತ್ತೆ ಕುಂಬಳೆಗೇ ಬಂದರು. ಆ ಬಸ್ಸಿಗೆ ನಾನು ಒಂದು ದಿನವೂ ಹತ್ತಿದವಳಲ್ಲ. ಮದುವೆಯಾದ ವಾರದಲ್ಲೇ ಇವರು ಕಾನೂನು ಹೇಳಿಬಿಟ್ಟಿದ್ದರು.

"ನೀನು ನನ್ನ ಬಸ್ಸಿಗೆ ಹತ್ತುದು ಬೇಡ. ಟಿಕೆಟ್ ಕೇಳಿದ್ರೆ ನಿನಗೆ ಬೇಜಾರು, ಕೇಳದಿದ್ರೆ ಓನರಿಗೆ ಬೇಜಾರು."

ಹಾಗಾಗಿ ಮನೆಯಲ್ಲಿ ಸುತ್ತಿದ ಬೀಡಿಯ ಕಟ್ಟನ್ನು ಡಿಪೋಗೆ ಕೊಡಲು ಸ್ಟಾಪಿನಲ್ಲಿ ನಿಂತಾಗ ಇವರ ಬಸ್ಸು ಬಂದರೆ ನಾನು ಚಪ್ಪಲಿ ನೋಡುತ್ತಿದ್ದೆ. ಉಳಿದವರೆಲ್ಲ ಕೈ ತೋರಿಸಿ ಹತ್ತಿ ಹೋಗುತ್ತಿದ್ದರು. ಡ್ರೈವರಣ್ಣ ಎಷ್ಟು ಒಳ್ಳೆಯವರು, ಓಡಿ ಬರುವವರಿಗೂ ನಿಲ್ಲಿಸುತ್ತಾರೆ ಎಂದು ಊರೇ ಹೊಗಳುತ್ತಿತ್ತು. ಆ ಡ್ರೈವರಣ್ಣನ ಹೆಂಡತಿ ಹಿಂದಿನಿಂದ ಬರುವ ಬಸ್ಸಿಗೆ ಕಾಯುತ್ತಿದ್ದಳು. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆ ಕಟ್ಟಿದವರು ನಮ್ಮ ಸ್ಟಾಪಿನಲ್ಲಿ ನಿಂತು ನೋಡಿರಬೇಕು.

ಇವರು ಸ್ಟಿಯರಿಂಗ್ ಬಿಟ್ಟ ದಿನ ನಾನು ಕೇಳಿದ್ದು ಒಂದೇ. ಇವರು ಓಡಿಸುವ ಗಾಡಿಯಲ್ಲಿ ನನಗೊಂದು ಪ್ರಯಾಣ ಬೇಕು, ನಡುವೆ ಯಾರೂ ಹತ್ತಬಾರದು, ಯಾರೂ ಇಳಿಯಬಾರದು. ಎಲ್ಲಿಗೆ ಎನ್ನುವುದು ನನಗೆ ದೊಡ್ಡ ವಿಷಯವಾಗಿರಲಿಲ್ಲ.

ಇವರು ಯೋಚಿಸಿ ಯೋಚಿಸಿ, ಕೆಲಸ ಬಿಟ್ಟಾಗ ಬಂದ ಹಣವನ್ನೆಲ್ಲ ಸುರಿದು, ಮತ್ತೊಂದು ಬಸ್ಸನ್ನೇ ತಂದರು. ಘಟ್ಟದ ಮೇಲಿನ ಒಂದು ಎಸ್ಟೇಟಿನವರು ಕೆಲಸದವರನ್ನು ಗುಡ್ಡ ಹತ್ತಿಸಲು ಇಟ್ಟುಕೊಂಡಿದ್ದ ಗಿಡ್ಡ ಬಸ್ಸು ಅದು. ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್; ಅದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಬಲ ಹೋಗುತ್ತದೆ, ಕೆಸರು, ಕಲ್ಲು ಯಾವುದೂ ಲೆಕ್ಕಕ್ಕಿಲ್ಲ. ಸೀಟು ಕಿತ್ತು ಹಲಸಿನ ಮರದ ಮಂಚ ಮಾಡಿಸಿದೆವು. ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ನೀರಿನ ಟ್ಯಾಂಕು, ಮಾಡಿನ ಮೇಲೆ ಸೋಲಾರು, ಹಿಂದೆ ಪರದೆ ಕಟ್ಟಿದ ಬಚ್ಚಲು. ಕರೆಂಟಿಲ್ಲದ, ರೇಂಜಿಲ್ಲದ ಜಾಗದಲ್ಲಿ ವಾರಗಟ್ಟಲೆ ಇರಬಹುದಾದ ಮನೆ. ಅದರ ಕಾಗದಪತ್ರ ಸರಿಮಾಡಲು ಇವರು ಕಾಸರಗೋಡಿನ ಆಫೀಸಿಗೆ ಎಷ್ಟು ಸಲ ಹೋದರೆಂದರೆ, ಕೊನೆಗೆ ಬೇರೆಯವರ ಮಲಯಾಳ ಅರ್ಜಿಗಳನ್ನೂ ತುಂಬಿಸಿ ಕೊಡುವಷ್ಟು ಕಲಿತುಬಿಟ್ಟರು.

ಎಲ್ಲವನ್ನೂ ಕಿತ್ತವರು ಕಂಡಕ್ಟರಿನ ಬೆಲ್ಲು ಮತ್ತು ಅದರ ಹಗ್ಗವನ್ನು ಮಾತ್ರ ಬಿಟ್ಟಿದ್ದರು. ಒಂದು ಸಲ ಎಳೆದರೆ ನಿಲ್ಲಬೇಕು, ಎರಡು ಸಲ ಎಳೆದರೆ ಹೋಗಬೇಕು.

"ಇದು ಯಾಕೆ? ಇದರಲ್ಲಿ ಬಟ್ಟೆ ಒಣಗಿಸ್ಲಿಕ್ಕಾ?" ಎಂದು ಕೇಳಿದೆ.

"ಇರ್ಲಿ ಮಾರಾಯ್ತಿ. ಬೆಲ್ಲಿಲ್ಲದ ಗಾಡಿ ಎಂತ ಗಾಡಿ?"

ಇಷ್ಟು ವರ್ಷಗಳಲ್ಲಿ ಇವರು ನನ್ನ ಮಾತನ್ನು ಎಷ್ಟು ಸಲ ಮೀರಿದ್ದಾರೋ ದೇವರೇ ಬಲ್ಲ. ಡಬಲ್ ಬೆಲ್ಲನ್ನು ಮೀರಿದ್ದು ಒಮ್ಮೆಯೂ ಇಲ್ಲ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಮೊದಲ ಪ್ರಯಾಣಕ್ಕೆ ಹಾಸಿಗೆ, ಅಕ್ಕಿ, ಉಪ್ಪಿನಕಾಯಿ ಎಲ್ಲ ತುಂಬಿಸಿ ಕೊಡಗಿನ ಕಡೆಗೆ ಹೊರಟೆವು. ಮನೆಯಿಂದ ಹೊರಟ ಎರಡನೆಯ ನಿಮಿಷಕ್ಕೆ, ಕುಂಬಳೆಯಿಂದ ಮೀನು ತಂದು ಒಳಗಿನ ಊರುಗಳಲ್ಲಿ ಮಾರುವ ಅಕ್ಕ ದಾರಿಬದಿಯಲ್ಲಿ ನಿಂತು ಕೈ ತೋರಿಸಿದರು. ಇವರ ಕಾಲು ಬ್ರೇಕಿನ ಮೇಲೆ ಹೋಯಿತು. ಮೆದುಳಿಗೆ ಹೇಳದೆಯೇ ಹೋಯಿತು ಎಂದು ಇವರು ಇವತ್ತಿಗೂ ವಾದಿಸುತ್ತಾರೆ. ಮೀನಿನ ಬುಟ್ಟಿ ನನ್ನ ಹೊಸ ಒಲೆಯ ಪಕ್ಕ ಕೂತಿತು. ಮುಂದಿನ ಸ್ಟಾಪಿನಲ್ಲಿ ಎರಡು ಗೋಣಿ ಅಡಿಕೆ ಹತ್ತಿತು. ಬದಿಯಡ್ಕ ಮುಟ್ಟುವಾಗ ನಾನು ಮಂಚದ ಮೂಲೆಯಲ್ಲಿ ಯಾರದೋ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅಲ್ಲಿಂದ ವಾಪಸು ಹೋಗಲು ಬಸ್ಸಿಲ್ಲ ಎಂದು ನಾಲ್ಕು ಮಂದಿ ಮುಖ ಸಣ್ಣ ಮಾಡಿದರು. ಸಂಜೆಯೊಳಗೆ ನಾವು ಮನೆಯಲ್ಲಿದ್ದೆವು.

ಮೂರು ವರ್ಷ ಇದೇ ಕಥೆ. ಇವರು ಯಾರಿಂದಲೂ ಒಂದು ಪೈಸೆ ತೆಗೆದುಕೊಂಡವರಲ್ಲ, ಆದ್ದರಿಂದ ಹತ್ತುವವರು ಹೆಚ್ಚುತ್ತಲೇ ಹೋದರು. ಕಾಡು ಸೇರಬೇಕಿದ್ದ ಬಸ್ಸು ಬದಿಯಡ್ಕವನ್ನು ದಾಟಲಿಲ್ಲ. ಸಣ್ಣ ಲಿವರನ್ನು ಇವರು ಒಮ್ಮೆಯೂ ಮುಟ್ಟದ್ದರಿಂದ, ಧೂಳು ಕೂರದಿರಲಿ ಎಂದು ಅದಕ್ಕೆ ನಾನೊಂದು ಹಳೆಯ ಕಾಲುಚೀಲ ತೊಡಿಸಿದ್ದೆ.

ಒಂದು ದಿನ ನನ್ನ ಚಾದರ ಎಷ್ಟು ಒಗೆದರೂ ಮೀನಿನ ವಾಸನೆ ಹೋಗದೆ ಇದ್ದಾಗ ಮಂಡೆ ಬಿಸಿಯಾಯಿತು. "ಈ ಗಾಡಿ ಮಾರುವ. ಆ ದುಡ್ಡಲ್ಲಿ ರೈಲಿನಲ್ಲಿ ಹೋಗುವ. ರೈಲನ್ನಾದ್ರೂ ನಿಮಗೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ," ಎಂದೆ.

"ನಿನ್ನ ಇಷ್ಟ," ಎಂದರು ಇವರು. ನಮ್ಮ ಮನೆಯಲ್ಲಿ ಹಾಗೆಂದರೆ ಆಗುವುದಿಲ್ಲ ಎಂದು ಅರ್ಥ.

ಮೊಬೈಲಿನಲ್ಲಿ ಜಾಹೀರಾತು ಹಾಕಿದವಳು ನಾನೇ. 'ಕಾಡಿನಲ್ಲಿ ಹತ್ತು ದಿನ ನಿಶ್ಚಿಂತೆಯಾಗಿ ಇರಬಹುದು' ಎಂದು ಬರೆದೆ. ಕಾಡಿನಲ್ಲಿ ಹತ್ತು ನಿಮಿಷವೂ ಇದ್ದವಳಲ್ಲ, ಆದರೆ ಸುಳ್ಳೇನೂ ಅಲ್ಲ, ಇರಬಹುದಿತ್ತು. ಎರಡೇ ದಿನದಲ್ಲಿ ಮೈಸೂರಿನಿಂದ ಒಬ್ಬರು ಹಲ್ಲಿನ ಡಾಕ್ಟರು ಫೋನು ಮಾಡಿದರು. ಗಂಡಹೆಂಡತಿ ಇಬ್ಬರೂ ಬಂದು, ಓಡಿಸಿ ನೋಡಿ, ಸರಿ ಎನಿಸಿದರೆ ತೆಗೆದುಕೊಳ್ಳುತ್ತಾರಂತೆ.

ಗಂಟೆ ಗೊತ್ತುಮಾಡಿದವರು ಇವರು. ಬೆಳಿಗ್ಗೆ ಒಂಬತ್ತೂವರೆಗೆ ಬನ್ನಿ, ರಸ್ತೆ ಖಾಲಿ ಇರುತ್ತದೆ ಎಂದು ಫೋನಿನಲ್ಲಿ ಹೇಳುವುದು ನನ್ನ ಕಿವಿಗೆ ಬಿತ್ತು. ಒಂಬತ್ತೂವರೆಗೆ ನಮ್ಮ ರಸ್ತೆಯಲ್ಲಿ ಕೈ ತೋರಿಸದವರೆಂದರೆ ಕರೆಂಟಿನ ಕಂಬಗಳು ಮಾತ್ರ. ಡಾಕ್ಟರ ಮಡಿಲಲ್ಲಿ ಅಡಿಕೆ ಗೋಣಿ ಕೂರಿಸಿ ವ್ಯಾಪಾರ ಮುರಿಯುವ ಉಪಾಯ. ಮುಖದಲ್ಲಿ ಮಾತ್ರ ದೇವಸ್ಥಾನದಿಂದ ಈಗಷ್ಟೇ ಬಂದವರ ಕಳೆ.

ನಾನೇನು ಕಡಿಮೆಯೇ. ಹಿಂದಿನ ಸಂಜೆ ಕೋಳಿಮೊಟ್ಟೆ ತರುತ್ತೇನೆಂದು ಹೇಳಿ ಹೊರಟೆ. ನೋಯುವ ಮೊಣಕಾಲು ಎಳೆದುಕೊಂಡು ಮೂರು ಸ್ಟಾಪು ನಡೆದೆ. ಅಂಗನವಾಡಿ ಸ್ಟಾಪಿನ ಸುತ್ತಲಿನ ಮನೆಗಳು, ಮಿಲ್ಲಿನ ಸ್ಟಾಪಿನ ಅಂಗಡಿ, ಅಶ್ವತ್ಥಕಟ್ಟೆಯ ಸ್ಟಾಪಿನ ಹತ್ತಿರ ಮೀನಿನ ಅಕ್ಕನ ಮನೆ. ಎಲ್ಲ ಕಡೆಯೂ ಒಂದೇ ಮಾತು. "ನಾಳೆ ಗಾಡಿ ನೋಡ್ಲಿಕ್ಕೆ ಪಾರ್ಟಿ ಬರ್ತದೆ. ನಮ್ಮ ಬಸ್ಸಿಗೆ ನಾಳೆ ಒಂದು ದಿನ ಯಾರೂ ಕೈ ತೋರಿಸಬಾರ್ದು, ಹತ್ತಬಾರ್ದು." ಎಲ್ಲರೂ ಮಾತು ಕೊಟ್ಟರು. ಮೊಟ್ಟೆ ತರಲು ಮರೆತು ಮನೆಗೆ ಬಂದೆ. ಮೊಟ್ಟೆ ಎಲ್ಲಿ ಎಂದು ಇವರು ಕೇಳಲಿಲ್ಲ, ತಮ್ಮ ಉಪಾಯದ ಸಂತೋಷದಲ್ಲೇ ಇದ್ದರು.

ಡಾಕ್ಟರು ಬಂದವರೇ ಬಸ್ಸಿನ ಒಂದೊಂದು ಜಾಗವನ್ನೂ ಹಲ್ಲು ತಟ್ಟಿ ನೋಡುವ ಹಾಗೆ ತಟ್ಟಿ ನೋಡಿದರು. ಅವರ ಹೆಂಡತಿ ಮಂಚದ ಮೇಲೆ ಕೂತು ಕಿಟಕಿಯ ಪರದೆ ಸರಿಸಿ, "ಎಷ್ಟು ಚೆನ್ನಾಗಿದೆ ಅಲ್ವಾ," ಎಂದರು. "ಈ ಲಿವರಿಗೆ ಯಾಕೆ ಸಾಕ್ಸು?" ಎಂದು ಡಾಕ್ಟರು ಕೇಳಿದ್ದಕ್ಕೆ, "ಚಳಿಗಾಲ," ಎಂದುಬಿಟ್ಟೆ. ಹಣೆಯ ಬೆವರು ಒರೆಸುತ್ತಿದ್ದ ಅವರು ಮತ್ತೆ ಕೇಳಲಿಲ್ಲ. ಇವರು ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟರು.

ಅಂಗನವಾಡಿ ಸ್ಟಾಪಿನಲ್ಲಿ ಆರೇಳು ಮಂದಿ ಇದ್ದರು. ಇವರು ದೂರದಿಂದಲೇ ನಿಧಾನ ಮಾಡಿದರು. ಯಾರೂ ಕೈ ಎತ್ತಲಿಲ್ಲ. ಎತ್ತದಿದ್ದರೆ ಸಾಕಿತ್ತು, ನಮ್ಮ ಊರಿನವರು ಒಪ್ಪಿದ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ. ಎಲ್ಲರೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ಗುಡ್ಡದ ಕಡೆ ತಿರುಗಿ ನಿಂತಿದ್ದರು. ಇವರು ಹಾರ್ನು ಹೊಡೆದರು. ಒಬ್ಬ ಮುದುಕರು ಬಿಸಿಲಿಗೆ ಹಿಡಿದಿದ್ದ ಕೊಡೆಯನ್ನು ಇನ್ನೂ ಕೆಳಗೆ ಎಳೆದು ಮುಖ ಮುಚ್ಚಿಕೊಂಡರು.

ಮಿಲ್ಲಿನ ಸ್ಟಾಪಿನಲ್ಲಿ ಇವರು ಬಸ್ಸನ್ನು ನಿಲ್ಲಿಸಿಯೇಬಿಟ್ಟರು. ಬಾಗಿಲು ತೆರೆದೇ ಇತ್ತು. ತಲೆ ತುರಿಸಲು ಕೈ ಎತ್ತಿದ್ದ ಒಬ್ಬರು ಕೆಂಡ ಮುಟ್ಟಿದವರಂತೆ ಕೈ ಇಳಿಸಿದರು. ಯಾರೂ ಹತ್ತಲಿಲ್ಲ. ಕನ್ನಡಿಯಲ್ಲಿ ಇವರ ಮುಖ ಕಂಡಿತು. ಮೊದಲ ಸ್ಟಾಪಿನಲ್ಲಿ ನನಗೆ ಒಳಗೊಳಗೇ ನಗು ಉಕ್ಕಿತ್ತು, ಇಲ್ಲಿ ಅದು ನಿಂತುಹೋಯಿತು. ಇವರಿಗೆ ಇದು ನಾಟಕ ಎಂದು ಗೊತ್ತಿಲ್ಲ ಎನ್ನುವುದು ನನ್ನ ತಲೆಗೆ ಹೋಗಿಯೇ ಇರಲಿಲ್ಲ. ಕೈ ಎತ್ತಬೇಡಿ ಎಂದು ಊರಿಗೆಲ್ಲ ಹೇಳಿದ್ದೆ, ಆದರೆ ಕೈಗಳೇ ಏಳದ ರಸ್ತೆ ಈ ಮನುಷ್ಯನಿಗೆ ಹೇಗೆ ಕಾಣಬಹುದು ಎಂದು ಯೋಚಿಸಿರಲಿಲ್ಲ.

ಅಶ್ವತ್ಥಕಟ್ಟೆಯಲ್ಲಿ ಇವರು ಎಂಜಿನ್ ಆಫ್ ಮಾಡಿ ಕೆಳಗಿಳಿದರು. ಮೀನಿನ ಅಕ್ಕ ಬುಟ್ಟಿಯನ್ನು ನೆಲದಲ್ಲಿಟ್ಟು ಮರದ ಎಲೆ ಎಣಿಸುತ್ತಿದ್ದರು.

"ಅಕ್ಕಾ, ನನ್ನಿಂದ ಎಂತಾದ್ರೂ ತಪ್ಪಾಯಿತಾ?" ಇವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಕ್ಕ ಬಸ್ಸಿನೊಳಗಿದ್ದ ನನ್ನನ್ನೊಮ್ಮೆ ನೋಡಿದರು. ಮಾತು ಉಳಿಸಬೇಕೋ ಮನುಷ್ಯನನ್ನು ಉಳಿಸಬೇಕೋ ಎಂಬ ಕಷ್ಟ ಅವರಿಗೆ. ಕೊನೆಗೆ, "ಅಯ್ಯೋ ಡ್ರೈವರಣ್ಣ, ನಿಮ್ಮದು ಎಂತ ತಪ್ಪು? ಕೈ ತೋರಿಸಬಾರ್ದು ಅಂತ ನಿಮ್ಮ ಮನೆಯವರೇ ನಿನ್ನೆ ನಡ್ಕೊಂಡು ಬಂದು ಹೇಳಿ ಹೋದದ್ದು. ಪಾರ್ಟಿ ಇಳಿದ ಮೇಲೆ ಹತ್ತುವ ಅಂತ ಇದ್ದೆ ನಾನು," ಎಂದರು.

ನಾನು ಬಚ್ಚಲಿನ ಪರದೆಯ ಹಿಂದೆ ಹೋಗಿ ನಿಲ್ಲಬಹುದಿತ್ತು, ಆದರೆ ಅಲ್ಲಿ ಡಾಕ್ಟರು ನಲ್ಲಿ ತಿರುಗಿಸಿ ನೋಡುತ್ತಿದ್ದರು. ಇವರು ಬಾಗಿಲ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಇವರ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ, ಊರು ತನ್ನನ್ನು ಬಿಟ್ಟಿಲ್ಲವಲ್ಲ ಎಂದು. ಆಮೇಲೆ ನನ್ನ ಮೊಣಕಾಲನ್ನು ನೋಡಿದರು.

"ನಡ್ಕೊಂಡು ಬಂದದ್ದಾ? ಮೂರು ಸ್ಟಾಪು?"

ನಾನು ಆ ಕಾಲನ್ನು ಮಂಚದ ಅಡಿಗೆ ಸರಿಸಿದೆ.

"ಅಷ್ಟು ಬೇಜಾರಾಗಿದೆ ನಿನಗೆ. ನನಗೆ ಗೊತ್ತೇ ಆಗ್ಲಿಲ್ಲ ನೋಡು," ಎಂದರು. ಮತ್ತೆ ಡಾಕ್ಟರ ಕಡೆ ತಿರುಗಿ, "ಗಾಡಿ ನಿಮಗೇ ಕೊಡ್ತೇನೆ ಸಾರ್," ಎಂದರು. ಈ ಸಲ ಉಪಾಯವೇನೂ ಇರಲಿಲ್ಲ, ನಿಜವಾಗಿಯೇ ಹೇಳಿದ್ದರು.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಾರುವುದು ಯಾರಿಗೆ ಬೇಕಿತ್ತು? ನನಗೆ ಹೊರಡುವುದು ಬೇಕಿತ್ತು. "ಕೊಡುದಿಲ್ಲ," ಎಂದೆ. "ಡಾಕ್ಟ್ರೇ, ತಪ್ಪು ತಿಳ್ಕೊಳ್ಬೇಡಿ. ಈ ಗಾಡಿ ಒಳ್ಳೆಯದೇ. ನಾವು ಅದರಲ್ಲಿ ಇನ್ನೂ ಹೋಗ್ಲೇ ಇಲ್ಲ."

ಡಾಕ್ಟರು ಕೈಯಲ್ಲಿ ನಲ್ಲಿ ಹಿಡಿದುಕೊಂಡೇ ಹೊರಗೆ ಬಂದಿದ್ದರು, ಅದು ಕಿತ್ತುಬಂದಿತ್ತು. "ಹಾಗಾದ್ರೆ ಇದನ್ನ ಎಲ್ಲಿಡಲಿ?" ಎಂದರು.

ವ್ಯಾಪಾರ ಮುರಿಯಿತೆಂದು ಗೊತ್ತಾದ ಕೂಡಲೇ ಅಕ್ಕ ಬುಟ್ಟಿ ಸಮೇತ ಹತ್ತಿದರು, ಹಿಂದೆಯೇ ಉಳಿದವರು. ಬದಿಯಡ್ಕ ಮುಟ್ಟಿ ವಾಪಸು ಬರುವಾಗ ಮಿಲ್ಲಿನಲ್ಲಿ ಅಡಿಕೆ ಗೋಣಿಯೂ ಹತ್ತಿ ಡಾಕ್ಟರ ಹೆಂಡತಿಯ ಪಕ್ಕ ಕೂತಿತು. ಪಾರ್ಟಿ ಹಲ್ಲಿನ ಡಾಕ್ಟರು ಎಂದು ಹೇಗೋ ಸುದ್ದಿಯಾಗಿ, ಮನೆ ಮುಟ್ಟುವಷ್ಟರಲ್ಲಿ ಅವರು ಮೊಬೈಲಿನ ಬೆಳಕಿನಲ್ಲಿ ಮೂರು ಬಾಯಿ ನೋಡಿ ಮುಗಿಸಿದ್ದರು. ನಮ್ಮಲ್ಲೇ ಊಟ ಮಾಡಿ, ನಲ್ಲಿಯನ್ನು ತಾವೇ ಕೂರಿಸಿ, ನಗುತ್ತಲೇ ಹೋದರು. ನನಗೂ ಒಂದು ಹಲ್ಲು ಕೀಳಿಸಬೇಕಂತೆ.

ಮುಂದಿನ ಸೋಮವಾರ ಬೆಳಿಗ್ಗೆ ಇವರು ಅಂಗಳದಲ್ಲಿ ಬಸ್ಸು ಸ್ಟಾರ್ಟ್ ಮಾಡುತ್ತಿದ್ದಾಗ ನಾನು ಚೀಲ ಹಿಡಿದು ಮುಂದಾಗಿಯೇ ನಡೆದು, ಅಂಗನವಾಡಿ ಸ್ಟಾಪಿನಲ್ಲಿ ನಿಂತೆ. ತಿರುವಿನಲ್ಲಿ ಬಸ್ಸಿನ ಮುಖ ಕಂಡಿತು. ಹಳೆಯ ಅಭ್ಯಾಸಕ್ಕೆ ಕಣ್ಣು ಚಪ್ಪಲಿಯ ಕಡೆ ಹೋಯಿತು. ಕಣ್ಣೆತ್ತಿದೆ. ಕೈಯನ್ನೂ ಎತ್ತಿದೆ.

ಬಾಗಿಲು ಸರಿಯಾಗಿ ನನ್ನ ಕಾಲ ಬುಡಕ್ಕೆ ಬಂದು ನಿಂತಿತು. ಅದೊಂದು ಇವರಿಗೆ ಚೆನ್ನಾಗಿ ಬರುತ್ತದೆ.

"ಎಲ್ಲಿಗೆ?" ಎಂದರು. ಮದುವೆಯಾದಾಗಿನಿಂದ ನನ್ನನ್ನು ಹಾಗೆ ಕೇಳಿರಲಿಲ್ಲ.

"ಸ್ಟಾಪ್ ಇಲ್ಲದಲ್ಲಿಗೆ," ಎಂದು ಹತ್ತಿದೆ. ಹತ್ತಿ, ಲಿವರಿನ ಕಾಲುಚೀಲ ತೆಗೆದು ಚೀಲಕ್ಕೆ ತುರುಕಿದೆ.

ಮಿಲ್ಲಿನ ಸ್ಟಾಪಿನಲ್ಲಿ ನಾಲ್ಕು ಕೈ ಎದ್ದವು. ಇವರ ಕಾಲು ಬ್ರೇಕಿನ ಕಡೆ ಹೋಯಿತು. ಬೇಡ ಎಂದು ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡೆ. ಮಾತಿಗೆ ಬಗ್ಗುವವರಲ್ಲ ಇವರು. ಕೈ ಚಾಚಿ, ತಲೆಯ ಮೇಲಿನ ಹಗ್ಗವನ್ನು ಎರಡು ಸಲ ಎಳೆದೆ.

ಬಸ್ಸು ನಿಲ್ಲಲಿಲ್ಲ.