ಆಷಾಢಕ್ಕೆ ಮುಂಚೆ ಎಣ್ಣೆ ಇಳಿಸುತ್ತಿದ್ದ ನಮ್ಮತ್ತೆ

ಕಳೆದ ಭಾನುವಾರ ನಮ್ಮ ಕೋಣನಕುಂಟೆ ಮನೆಯ ಅಂಗಳದ ತುಂಬ ಸುಟ್ಟ ಇಂಜಿನ್ ಆಯಿಲ್ ವಾಸನೆ. ಹಳೇ ತಗಡಿನ ಬೋಗುಣಿಯೊಳಗೆ ಕಪ್ಪನೆಯ ಧಾರೆ ಬೀಳುತ್ತಿತ್ತು. ಕಾರಿನ ಕೆಳಗಿಂದ ಎರಡು ಕಾಲು ಮಾತ್ರ ಆಚೆ ಚಾಚಿಕೊಂಡಿದ್ದವು. ಕಾಲಲ್ಲಿ ಗೆಜ್ಜೆ, ಉಗುರಿಗೆ ನೇರಳೆ ಬಣ್ಣ. ಅವು ನನ್ನ ಮೊಮ್ಮಗಳ ಕಾಲು! ಅಯ್ಯೋ, ನನಗಾದ ಸಂತೋಷವನ್ನು ಏನಂತ ಬರೆಯಲಿ. ಲೈಸೆನ್ಸ್ ಬಂದು ಇನ್ನೂ ತಿಂಗಳು ತುಂಬಿಲ್ಲ, ಹುಡುಗಿ ಕಾರಿನಡಿ ಮಲಗಿ ತಾನೇ ನಟ್ಟು ಬಿಚ್ಚಿದ್ದಾಳೆ. ಓಡಿ ಹೋಗಿ ಆ ಮಸಿ ಕೈಗೇ ಮುತ್ತು ಕೊಟ್ಟೆ. 'ಅಜ್ಜೀ, ಸೀರೆ!' ಅಂತ ಕಿರುಚಿದಳು. ಸೀರೆ ಹೋದರೆ ಹೋಗಲಿ.

ನನ್ನ ಮಗ ಮಾತ್ರ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದ. 'ಅಮ್ಮ, ಮೀಟರ್ ನೋಡು. ಹೋದ್ ವರ್ಷದಿಂದ ಈ ಕಾರ್ ಎಲ್ಲಿ ಓಡಿದೆ? ಎರಡು ಮದ್ವೆ, ಒಂದು ಗೃಹಪ್ರವೇಶ. ಓಡ್ದೇ ಇರೋ ಕಾರಿಗೆ ಯಾರಾದ್ರೂ ಆಯಿಲ್ ಚೇಂಜ್ ಮಾಡಿಸ್ತಾರಾ? ಡಬ್ಬದ ಮೇಲೆ ಓದು, ಇಷ್ಟು ಸಾವಿರ ಕಿಲೋಮೀಟರ್ ಅಂತ ಬರ್ದಿದಾರೆ.'

'ಡಬ್ಬದ ಮೇಲೆ ಬರ್ದವ್ನು ಓಡೋ ಕಾರಿಗೆ ಬರ್ದವ್ನೆ. ನಿಂತಿರೋ ಕಾರಿಗೆ ಪಂಚಾಂಗ ನೋಡ್ಬೇಕು. ಆಷಾಢ ಬರ್ತಾ ಇದೆ, ಸುಮ್ನಿರು,' ಅಂದೆ.

ಅಂದ ಮೇಲೆ ನನಗೇ ಗೊತ್ತಾಯಿತು, ಆ ಮಾತು ನನ್ನದಲ್ಲ, ನಮ್ಮತ್ತೆಯದು. ದನಿಯೂ ಅವರದೇ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಲೇಖನ ಗೀಖನ ಬರೆದವಳಲ್ಲ. ಆದರೂ ಅವರ ಬಗ್ಗೆ ಬರೆಯಲೇಬೇಕು ಅನ್ನಿಸಿ ಕೂತಿದ್ದೇನೆ. ತಪ್ಪಿದ್ದರೆ ಇರಲಿ.

ನಮ್ಮ ಹೊಲಗಳು ಲೇಔಟ್ ಆದ ಕಾಲ ಅದು. ರಾಗಿ ಬೆಳೆಯುತ್ತಿದ್ದ ಕಡೆ ಸೈಟಿನ ಕಲ್ಲು ನೆಟ್ಟರು. ನಮ್ಮ ಮಾವ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಮಾವನ ತಮ್ಮ, ಅಂದರೆ ನಮ್ಮ ಚಿಕ್ಕಮಾವ, ತಮ್ಮ ಪಾಲಿನಲ್ಲಿ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದರು. ನಮ್ಮತ್ತೆಯೂ ಎರಡು ಮನೆ ಕಟ್ಟಿಸಿದರು. ಆಮೇಲೆ ಯಾರನ್ನೂ ಕೇಳದೆ, ದುಂಡು ಮೂತಿಯ ಒಂದು ಬಿಳೀ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಮದುವೆಗೆ ಹೆಣ್ಣು ಕರೆತರಲು ಬಾಡಿಗೆಗೆ ಬಿಡುವ ಕಾರು. ಓಡಿಸುವುದು ನನ್ನ ಗಂಡ. ಆದರೆ ಮುಂದಿನ ಸೀಟಿನಲ್ಲಿ ನಮ್ಮತ್ತೆ ಇರಲೇಬೇಕು. 'ಯಾರದೋ ಮನೆ ಹೆಣ್ಮಗಳು. ನನ್ನ ಕಾರಲ್ಲಿ ಕೂತ ಮ್ಯಾಲೆ ನನ್ನ ಜವಾಬ್ದಾರಿ,' ಅನ್ನುತ್ತಿದ್ದರು. ಮಲ್ಲಿಗೆ ಮುಡಿದು, ಬಾಯಲ್ಲಿ ಎಲೆಯಡಿಕೆ, ಕಿಟಕಿಯ ಆಚೆ ಮೊಣಕೈ… ಆ ಠೀವಿ ನೋಡಬೇಕಿತ್ತು.

ಮದುವೆ ಕಾರು ಅಂದ ಮೇಲೆ ಅದು ವರ್ಷಪೂರ್ತಿ ಓಡುವುದಿಲ್ಲ. ವೈಶಾಖದಲ್ಲಿ ಉಸಿರಾಡಲು ಬಿಡುವಿರದು. ಆಷಾಢ ಬಂತೆಂದರೆ ಯಾರೂ ಮದುವೆ ಮಾಡುವುದಿಲ್ಲ, ಕಾರು ಶೆಡ್ಡಿನಲ್ಲಿ. ಪಿತೃಪಕ್ಷದಲ್ಲೂ ಅಷ್ಟೆ, ಧನುರ್ಮಾಸದಲ್ಲೂ ಅಷ್ಟೆ. ನಿಂತ ಕಾರಿಗೆ ನಾವು ಮಾಡುತ್ತಿದ್ದ ಆರೈಕೆ ಒಂದೇ, ಅಮಾವಾಸ್ಯೆ ಪೂಜೆ. ಈಗಲೂ ನಮ್ಮ ಕಡೆ ಎಲ್ಲರೂ ಮಾಡುತ್ತಾರಲ್ಲ, ಹಾಗೇ. ತೊಳೆದು, ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಇಂಜಿನ್ ಸ್ಟಾರ್ಟ್ ಮಾಡಿ, ನಿಂಬೆಹಣ್ಣು ಹಿಸುಕುವಷ್ಟು ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ತಂದು ಆಫ್ ಮಾಡುವುದು. ಕಾರಿಗೆ ವ್ಯಾಯಾಮವೂ ಆಯಿತು, ದೃಷ್ಟಿಯೂ ಹೋಯಿತು ಅಂತ ನಮ್ಮ ಲೆಕ್ಕ. ಎಣ್ಣೆ ಬದಲಾಯಿಸುವ ಯೋಚನೆಯೇ ಇರಲಿಲ್ಲ. ಓಡಿದ್ದೇ ಕಡಿಮೆ, ಯಾಕೆ ಬದಲಾಯಿಸಬೇಕು?

ಒಂದು ಶ್ರಾವಣ. ಮೊದಲ ಮದುವೆ. ಅರೆಕೆರೆಯಿಂದ ಹೆಣ್ಣು ಕರೆದುಕೊಂಡು ಬನಶಂಕರಿಯ ಛತ್ರಕ್ಕೆ ಹೊರಟಿದ್ದರು. ಅರ್ಧ ದಾರಿಯಲ್ಲಿ ಇಂಜಿನ್ನಿನೊಳಗೆ ಟಕಟಕ ಅಂತ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸದ್ದು. ಆಮೇಲೆ ಹೊಗೆ. ಕಾರು ನಿಂತೇ ಹೋಯಿತು. ಮುಹೂರ್ತದ ಹೊತ್ತು, ಒಳಗೆ ಮದುಮಗಳು! ಆ ಹುಡುಗಿಯ ತಾಯಿ ರಸ್ತೆಯಲ್ಲೇ ಅಪಶಕುನ ಅಂತ ಬಾಯಿ ಬಡಿದುಕೊಂಡರು. ಪಾಪ, ಹೆಣ್ಣನ್ನು ಆಟೋದಲ್ಲಿ ಕಳಿಸಬೇಕಾಯಿತು.

ಗ್ಯಾರೇಜಿನವನು ಬಂದು ಎಣ್ಣೆ ಹಾಕುವ ಮುಚ್ಚಳ ತೆಗೆದ. ಅದರ ಒಳಗೆ ಬೆಳ್ಳಗೆ, ನೊರೆನೊರೆಯಾಗಿ ಏನೋ ಮೆತ್ತಿಕೊಂಡಿತ್ತು. ನಮ್ಮತ್ತೆ ಬೆರಳಲ್ಲಿ ತೆಗೆದು ನೋಡಿದರು.

'ಇದೇನ್ಲಾ ಇದು, ಬೆಣ್ಣೆ ಇದ್ದಂಗೈತೆ?'

'ನೀರಮ್ಮ. ಇಂಜಿನ್ ಬಿಸಿಯಾಗೋಕ್ ಮುಂಚೆನೇ ಆಫ್ ಮಾಡ್ತಾ ಇದ್ರೆ ಒಳಗಿನ ತೇವ ಹೋಗಲ್ಲ. ಎಣ್ಣೆ ಜೊತೆ ಸೇರ್ಕೊಳ್ತದೆ. ಅದೂ ಹಳೇ ಎಣ್ಣೆ.'

ನಮ್ಮತ್ತೆ ಜೀವಮಾನವೆಲ್ಲ ಮಜ್ಜಿಗೆ ಕಡೆದವರು. ಅವರಿಗೆ ಇನ್ನೊಂದು ಮಾತು ಹೇಳಬೇಕಾಗಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ನಾವೇ ಆರತಿ ಎತ್ತಿ, ನಾವೇ ಇಂಜಿನ್ನಿಗೆ ನೀರು ಕುಡಿಸಿದ್ದೆವು.

ಅವತ್ತು ಸಂಜೆ ಚಿಕ್ಕಮಾವ ಬಂದರು. ಜಗಲಿ ಮೇಲೆ ಕೂತು ಪಂಚೆ ಸರಿಮಾಡಿಕೊಂಡು ಶುರುಮಾಡಿದರು. 'ಮಾರಾಕ್ಬುಡಿ ಅತ್ತಿಗೆ. ಊರೆಲ್ಲ ನಗ್ತಾ ಅವ್ರೆ. ಹೆಂಗಸ್ರು ಕಾರ್ ಮಡಿಕ್ಕೊಂಡ್ರೆ ಇನ್ನೇನಾದಾತು?'

'ಯಾಕಪ್ಪಾ, ಯಜಮಾನಂಗೆ ಮೀಸೆ ಐತಾ ಇಲ್ವಾ ಅಂತ ಕಾರು ನೋಡ್ತದಾ?'

ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಚಿಕ್ಕಮಾವ ನಗಲಿಲ್ಲ. ಕಡೆಗೆ ಒಂದು ಮಾತಾಯಿತು. ಇಂಜಿನ್ ಬಿಚ್ಚಿಸಿ ಸರಿಮಾಡಿಸುವುದು. ಇನ್ನೊಂದು ಸಲ ಹೆಣ್ಣು ಕೂತಾಗ ದಾರಿಯಲ್ಲಿ ನಿಂತರೆ, ಅವತ್ತೇ ಮಾರುವುದು. ನಮ್ಮತ್ತೆ ಒಪ್ಪಿಕೊಂಡರು. ಅವರ ಮುಖ ನನಗೆ ಕಾಣುತ್ತಿತ್ತು. ಹೊಲ ಹೋದ ಮೇಲೆ ಅವರು ತಮ್ಮ ಕೈಯಾರೆ ಕಟ್ಟಿಕೊಂಡ ಬದುಕು ಅದೊಂದೇ. ಬಾಡಿಗೆ ಮನೆ ಯಾರು ಬೇಕಾದರೂ ಕಟ್ಟಿಸುತ್ತಾರೆ. ಮುಂದಿನ ಸೀಟಿನಲ್ಲಿ ಕೂತು ಊರೂರು ತಿರುಗುವ ಹೆಂಗಸು ನಮ್ಮ ಕಡೆ ಅವರೊಬ್ಬರೇ ಇದ್ದದ್ದು.

ಕಾರು ದಾರಿಯಲ್ಲಿ ನಿಂತ ಸುದ್ದಿ ಹಬ್ಬಿ ಉಳಿದ ವರ್ಷ ಯಾರೂ ಕಾರು ಕೇಳಿಕೊಂಡು ಬರಲಿಲ್ಲ. ವೈಶಾಖವೂ ಖಾಲಿ ಹೋಯಿತು. ಆಷಾಢ ಹತ್ತಿರ ಬಂದಾಗ ನಮ್ಮತ್ತೆ ನನ್ನ ಗಂಡನನ್ನು ಕರೆದು, ಎಣ್ಣೆ ಬದಲಾಯಿಸು ಅಂದರು.

'ಅವ್ವಾ, ಕಾರು ನಿಲ್ಲಕ್ಕೆ ಹೋಗ್ತಾ ಐತೆ. ಈಗ್ಯಾಕೆ ಹೊಸಾ ಆಯಿಲ್ಲು? ಶ್ರಾವಣಕ್ಕೆ ತೆಗಿಯೋವಾಗ ಹಾಕಣ ಬುಡು.'

'ಅಲ್ಲ ಕಣ್ಲಾ, ಮುದ್ದೆ ಗಡಿಗೆನ ಉಂಡಾದ್ಮೇಲೆ ತೊಳ್ದು ಮಡಗ್ತಾರೋ, ಇಲ್ಲ ಹಂಗೇ ಮಡಗಿ ಬೇಕಾದಾಗ ತೊಳೀತಾರೋ? ನಿಮ್ಮಪ್ಪ ನೇಗ್ಲು ಅಟ್ಟಕ್ಕೆ ಹಾಕೋ ಮುಂಚೆ ಕೆಸ್ರು ತೊಳೀತಿದ್ರೋ, ಆಮೇಲೋ?'

ನನ್ನ ಗಂಡ ಗೊಟ್ಟಿಗೆರೆವರೆಗೂ ಹೋಗಿ ಬಂದು, ಇಂಜಿನ್ ಚೆನ್ನಾಗಿ ಕಾದ ಮೇಲೆ ಹಳೇ ಎಣ್ಣೆ ಇಳಿಸಿದರು. ಕಾದಿದ್ದರೆ ಕೊಳೆಯೆಲ್ಲ ಅದರ ಜೊತೆಗೇ ಬರುತ್ತದಂತೆ. ಹೊಸ ಎಣ್ಣೆ ತುಂಬಿ ಕಾರನ್ನು ಶೆಡ್ಡಿಗೆ ಬಿಟ್ಟರು.

ಅಮಾವಾಸ್ಯೆ ಬಂತು. ಪೂಜೆಯಾಯಿತು. ಎಲ್ಲರೂ ಇಂಜಿನ್ ಸದ್ದಿಗೆ ಕಾಯುತ್ತಿದ್ದಾರೆ, ನಮ್ಮತ್ತೆ ಕಾರಿನ ಕೀ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು! ಚಿಕ್ಕಮಾವನಿಗೆ ಗಾಬರಿ. 'ಅತ್ತಿಗೆ, ಸ್ಟಾರ್ಟ್ ಮಾಡ್ದೆ ಇದ್ರೆ ಪೂಜೆ ಹೆಂಗೆ ಆಯ್ತದೆ? ಮೊದ್ಲೇ ಅಪಶಕುನ ಆಗೈತೆ.'

'ದ್ಯಾವ್ರಿಗೆ ನಿಂಬೆಹಣ್ಣು ಸಾಕು, ಹೊಗೆ ಬ್ಯಾಡ. ಸ್ಟಾರ್ಟ್ ಮಾಡ್ಲೇಬೇಕು ಅಂದ್ರೆ ನೀನೇ ಕೂತ್ಕೋ, ಬನ್ನೇರುಘಟ್ಟಕ್ಕೆ ಹೋಗ್ಬುಟ್ಟು ಬರಣ. ಇಲ್ಲೇ ಗುರುಗುರು ಅನ್ಸಿ ನಿಲ್ಸದು ಮಾತ್ರ ಆಗಕಿಲ್ಲ.'

ಚಿಕ್ಕಮಾವ ಮಂಗಳಾರತಿ ತಟ್ಟೆಗೂ ಕೈ ಚಾಚದೆ ಹೊರಟುಹೋದರು.

ಆ ಶ್ರಾವಣದಲ್ಲೇ ನನ್ನ ನಾದಿನಿಯ ಮದುವೆ. ನಮ್ಮತ್ತೆಗೆ ಇದ್ದ ಒಬ್ಬಳೇ ಮಗಳು. ಛತ್ರ ಜಯನಗರದಲ್ಲಿ. ಚಿಕ್ಕಮಾವ ಬೇರೆ ಕಾರು ಗೊತ್ತುಮಾಡಿ ಬೆಳಿಗ್ಗೆಯೇ ತಂದು ನಿಲ್ಲಿಸಿದ್ದರು, ಹೂವು ಕಟ್ಟಿಸಿ! ನಮ್ಮತ್ತೆ ಅದರ ಸುತ್ತ ಒಂದು ಸುತ್ತು ಬಂದರು. 'ಚೆನ್ನಾಗೈತೆ. ಇದ್ರಲ್ಲಿ ಬೀಗ್ರು ಬರ್ಲಿ. ಊರವ್ರ ಮಕ್ಳನ್ನ ಕೂರ್ಸಿದ ಕಾರಲ್ಲಿ ನನ್ನ ಮಗಳನ್ನ ಕೂರ್ಸಕ್ಕೆ ಹೆದರ್ಕೊಂಡ್ರೆ, ನಾಳೆ ಯಾವ ಮುಖ ಇಟ್ಕೊಂಡು ಬಾಡಿಗೆಗೆ ಬುಡ್ಲಿ?' ಅಂದರು.

ಹಿಂದಿನ ಸೀಟಿನಲ್ಲಿ ನಾದಿನಿ, ಪಕ್ಕದಲ್ಲಿ ನಾನು. ಅವಳ ಕೈ ನನ್ನ ಕೈಯೊಳಗೆ ಬೆವರುತ್ತಿತ್ತು. ಕನಕಪುರ ರಸ್ತೆ ಹಿಡಿದು ಹೊರಟೆವು. ಎಲ್ಲರೂ ಇಂಜಿನ್ ಸದ್ದನ್ನೇ ಕೇಳುತ್ತ ಕೂತಿದ್ದೆವು. ಅರ್ಧ ದಾರಿಯಲ್ಲಿ ಎಲ್ಲೋ ಟಕ್ ಅಂದಿತು. ನನ್ನ ಗಂಡ ಅವ್ವನ ಕಡೆ ನೋಡಿದರು. ನಮ್ಮತ್ತೆ ತಮ್ಮ ಕಾಲಡಿಯಿಂದ ಎಲೆಯಡಿಕೆ ಡಬ್ಬ ಎತ್ತಿ ತೊಡೆ ಮೇಲಿಟ್ಟುಕೊಂಡು, 'ಡಬ್ಬ ಕಣ್ಲಾ ಬಿದ್ದಿದ್ದು. ರಸ್ತೆ ನೋಡು,' ಅಂದರು. ನಾದಿನಿ ನಗಲು ಶುರುಮಾಡಿದಳು. ನಗುತ್ತ ನಗುತ್ತ ಅತ್ತಳು, ಕಾಡಿಗೆಯೆಲ್ಲ ಕರಗಿತು… ಅವಳನ್ನು ಹಾಗೇ ಛತ್ರದ ಬಾಗಿಲಲ್ಲಿ ಇಳಿಸಿದೆವು.

ಚಿಕ್ಕಮಾವ ನಮಗಿಂತ ಮುಂಚೆ ಬಂದು ನಿಂತಿದ್ದರು. ಬಾನೆಟ್ ಮೇಲೆ ಕೈಯಿಟ್ಟು ನೋಡಿದರು. 'ಬಂದ್ಬುಡ್ತಲ್ಲ ಅತ್ತಿಗೆ,' ಅಂದರು. 'ಇನ್ನೊಂದ್ ದಪ ಹೋಗ್ಬರ್ಲಾ?' ಅಂದರು ನಮ್ಮತ್ತೆ.

ಆಮೇಲೆ ಬಾಡಿಗೆಗಳು ಮತ್ತೆ ಬಂದವು. ಓಡಲಿ ಬಿಡಲಿ, ವರ್ಷಕ್ಕೊಂದು ಸಲ ಆಷಾಢಕ್ಕೆ ಮುಂಚೆ ಹೊಸ ಎಣ್ಣೆ. ಮದುವೆಗಳು ಹೆಚ್ಚಾದ ವರ್ಷ ಧನುರ್ಮಾಸಕ್ಕೆ ಮುಂಚೆ ಇನ್ನೊಂದು ಸಲ. ಕಾಲ ಬದಲಾಯಿತು, ದೊಡ್ಡ ದೊಡ್ಡ ಎ.ಸಿ. ಕಾರುಗಳು ಬಂದವು, ನಮ್ಮ ಕಾರು ನಮ್ಮ ಮನೆಯ ಮದುವೆಗಳಿಗೆ ಮಾತ್ರ ಉಳಿಯಿತು. ಆದರೂ ಅವರು ನಿಯಮ ಬಿಡಲಿಲ್ಲ. ಕೊನೆಗೆ ಒಂದು ಧನುರ್ಮಾಸದಲ್ಲಿ, ಕಾರು ಶೆಡ್ಡಿನಲ್ಲಿದ್ದಾಗ, ನಮ್ಮತ್ತೆ ಹೊರಟುಹೋದರು. ಆಮೇಲೆ ನನ್ನ ಗಂಡನೂ… ಇರಲಿ, ಅದನ್ನು ಬರೆಯಲಾರೆ. ಮಾರು ಅಂದವರು ಎಷ್ಟು ಜನ! ಗುಜರಿಗೆ ಹಾಕು ಅಂದರು, ಶೆಡ್ಡು ಕೆಡವಿ ಅಂಗಡಿ ಕಟ್ಟಿಸು ಅಂದರು. ಇನ್ನೂ ಓಡುತ್ತದೆ ಅಂತ ಆರ್‌ಟಿಓದಲ್ಲಿ ಎಫ್‌ಸಿ ಮಾಡಿಸಿ ಮಾಡಿಸಿ ಇಟ್ಟುಕೊಂಡೆ. ಮಾರಲಿಲ್ಲ, ಮಾರುವುದೂ ಇಲ್ಲ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಭಾನುವಾರ ಮೊಮ್ಮಗಳು ಹೊಸ ಎಣ್ಣೆ ತುಂಬಿ, ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತಳು. 'ಅಜ್ಜಿ, ಇನ್ಮೇಲೆ ಇದನ್ನ ಶೆಡ್ಡಲ್ಲಿ ಹಾಕಲ್ಲ. ದಿನಾ ಕೆಲ್ಸಕ್ಕೆ ಜೆ.ಪಿ. ನಗರಕ್ಕೆ ನಾನೇ ತಗೊಂಡ್ಹೋಗ್ತೀನಿ. ಆವಾಗ ಆಷಾಢ ನೋಡ್ಬೇಕಾ, ಮೀಟರ್ ನೋಡ್ಬೇಕಾ?'

ದಿನವೂ ಓಡುವ ಕಾರಿನ ಬಗ್ಗೆ ನಮ್ಮತ್ತೆ ಒಂದು ಮಾತೂ ಹೇಳಿಟ್ಟು ಹೋಗಿರಲಿಲ್ಲ. ಅಂಥ ದಿನ ಅವರು ನೋಡಿರಲೇ ಇಲ್ಲವಲ್ಲ. ಒಂದು ಕ್ಷಣ ತಲೆ ತಿರುಗಿಸಿ ಅವರು ಮಲಗುತ್ತಿದ್ದ ಒಳಕೋಣೆಯ ಕಡೆ ನೋಡಿದೆ, ಅವರನ್ನು ಕೇಳಿ ಹೇಳೋಣ ಅನ್ನುವ ಹಾಗೆ… ಆಮೇಲೆ ನಾನೇ ಹೇಳಿದೆ.

'ಎರಡೂ ನೋಡು. ಯಾವ್ದು ಮೊದ್ಲು ಬರುತ್ತೋ, ಆವಾಗ ಬದ್ಲಾಯ್ಸು.'

'ಸಖತ್ ಅಜ್ಜಿ ನೀನು!' ಅಂತ ಕೆನ್ನೆ ಹಿಂಡಿ ಎದ್ದು ಹೋದಳು. ಕಾರು ಹತ್ತಿ ಗೇಟು ದಾಟಿ, ತಿರುವಿನಲ್ಲಿ ಒಂದು ಸಲ ಹಾರ್ನ್ ಮಾಡಿ ಮರೆಯಾದಳು. ನಾನು ಗೇಟು ಹಿಡಿದು ನಿಂತೇ ಇದ್ದೆ. ದಿನಾ ಓಡುತ್ತಂತೆ ನಮ್ಮ ಕಾರು, ಆಷಾಢದಲ್ಲೂ ಓಡುತ್ತಂತೆ! ಓಡಿ ಹೋಗಿ ಹೇಳಬೇಕು ಅನ್ನಿಸುತ್ತಿತ್ತು. ಹೇಳಬೇಕಾಗಿದ್ದದ್ದು ಒಬ್ಬರಿಗೇ. ಅವರಿಲ್ಲ.