ಹದಿನಾಲ್ಕನೆಯ ಬಿಲ್ಲೆ

"ಆ ಮನೇಲಿ ಹೆತ್ತ ಮಗಳೂ ಬಿಲ್ಲೆ ಹಿಡಿದು ಸರದಿಯಲ್ಲಿ ಕೂರಬೇಕಂತೆ ಕಣ್ರೀ," ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಮಾತೇನೋ ನಿಜವೇ.

ಡಾಕ್ಟರಮ್ಮನ ಮನೆಗೆ ಎರಡು ಬಾಗಿಲು. ಹಿಂದಿನದು ಅಡುಗೆಮನೆಗೆ, ಬೀದಿಯದು ದವಾಖಾನೆಗೆ. ಅಲ್ಲೊಂದು ಉದ್ದನೆಯ ಬೆಂಚು, ಗೋಡೆಯ ಮೊಳೆಗಳಲ್ಲಿ ನಂಬರು ಬರೆದ ತಗಡಿನ ಬಿಲ್ಲೆಗಳು. ಮೊದಮೊದಲು ನೆಗಡಿ ಕೆಮ್ಮಿಗೆ ಔಷಧಿ ಕೊಡುತ್ತಿದ್ದರು. ಎದುರಿಗೇ ಆಟದ ಮೈದಾನ. ಉಳುಕಿದ ಪಾದ, ಊದಿದ ಮಂಡಿ ಹೊತ್ತು ಬರುವವರು ಹೆಚ್ಚಾದಾಗ, ಮೂವತ್ತೈದು ದಾಟಿದ ಮೇಲೆ ಮತ್ತೆ ಪುಸ್ತಕ ಹಿಡಿದು ಆಟಗಾರರ ವೈದ್ಯವನ್ನೇ ಕಲಿತು ಬಂದರು. ಒಂದು ಬೆರಳ ತುದಿಯಿಂದ ಮೂಳೆ ಒತ್ತುತ್ತಾ ಹೋಗಿ "ಇಲ್ಲೇ" ಎಂದರೆ ಮುಗಿಯಿತು, ಎಕ್ಸ್‌ರೇ ಆಮೇಲೆ ನಿಧಾನವಾಗಿ ಹೌದೆನ್ನುತ್ತಿತ್ತು.

ಆದರೆ ದೀಪದ ಬುಡದಲ್ಲೇ ಕತ್ತಲು. ಮಗಳು ಓಟಗಾರ್ತಿ. ಕಾಲೇಜುಗಳ ಪಂದ್ಯಕ್ಕೆ ತಿಂಗಳಿರುವಾಗ ಅವಳಿಗೆ ಮಂಡಿಯ ಕೆಳಗೆ ಮೂಳೆ ನೋಯತೊಡಗಿತು. ಅಡುಗೆಮನೆಯಲ್ಲಿ ಮೂರು ವಾರ ಹೇಳಿದಳು. ತಾಯಿ ಮೂರು ವಾರವೂ ತಿರುಗಿ ನೋಡದೆ ಹೇಳಿದ್ದು ಒಂದೇ: ಎಣ್ಣೆ ಹಚ್ಚಿ ಮಲಗು, ಸರಿಹೋಗುತ್ತೆ.

ನಾಲ್ಕನೆಯ ವಾರ ಮಗಳು ಮನೆ ಸುತ್ತಿಕೊಂಡು ಬೀದಿಯ ಬಾಗಿಲಿಗೆ ಬಂದಳು. ಕಾಂಪೌಂಡರ್ ಹದಿನಾಲ್ಕನೆಯ ಬಿಲ್ಲೆ ಕೊಟ್ಟ. ಹದಿಮೂರು ಜನ ಮುಗಿಯುವವರೆಗೆ ಕಾದು ಒಳಗೆ ಹೋದಳು.

"ಇದೇನೇ ಹುಡುಗಾಟ?" ಎಂದರು ತಾಯಿ.

"ಆ ಬಾಗಿಲಿಂದ ಬಂದ್ರೆ ನೀನು ಅಮ್ಮ. ನಂಗೀಗ ಡಾಕ್ಟ್ರು ಬೇಕು."

ಡಾಕ್ಟರಮ್ಮ ಬೆರಳಿಟ್ಟರು. ಅಂಗಿಯ ಗುಂಡಿಯಷ್ಟಗಲದ ಒಂದೇ ಜಾಗದಲ್ಲಿ ಮಗಳು ಹಲ್ಲು ಕಚ್ಚಿದಳು. ಮೂಳೆಯಲ್ಲಿ ಕೂದಲೆಳೆಯ ಬಿರುಕು. ಪಂದ್ಯದಲ್ಲಿ ಓಡಿದ್ದರೆ ಎರಡು ತುಂಡು. ಈ ವರ್ಷ ಓಟವಿಲ್ಲ ಎಂದು ಚೀಟಿ ಬರೆದುಕೊಟ್ಟರು. ಮರುವರ್ಷ ಮಗಳು ಓಡಿ ಮೂರನೆಯವಳಾಗಿ ಬಂದಳು, ಮುಂದೆ ಕೋಚ್ ಆದಳು.

ಆ ಚೀಟಿ ಬರೆದ ದಿನದಿಂದ ಮನೆಯವರ ನೋವೂ ಬೀದಿಯ ಬಾಗಿಲಿಂದಲೇ ಬರಬೇಕೆಂಬ ಕಟ್ಟಳೆ. ಮುಂದೆ ಡಾಕ್ಟರಮ್ಮ ವೈದ್ಯಕೀಯ ಕಾಲೇಜಿನಲ್ಲೂ ಇಪ್ಪತ್ತು ವರ್ಷ ಕಲಿಸಿದರು; ಪ್ರತಿ ವರ್ಷದ ಮೊದಲ ಪಾಠ ತಮ್ಮ ಈ ತಪ್ಪೇ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು 'ಹದಿನಾಲ್ಕು' ಎಂದೇ ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ಡಾಕ್ಟರಮ್ಮನಿಗೆ ಎಪ್ಪತ್ತು ದಾಟಿತು. ಒಮ್ಮೆ ಬಂದಿದ್ದ ಮಗಳು, ತಾಯಿ ಗೋಡೆ ಹಿಡಿದು ಮೆಟ್ಟಿಲಿಳಿಯುವುದನ್ನು ಎರಡು ದಿನ ನೋಡಿದಳು. ಮೂರನೆಯ ದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ, ಎಲ್ಲಿ ನೋವು ಎಂದು ಕೇಳಿಯೇಬಿಟ್ಟಳು.

"ವಯಸ್ಸಾಯ್ತಲ್ಲೇ. ಎಣ್ಣೆ ಹಚ್ಚಿ ಮಲಗಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಮಗಳು ಎದ್ದು ಹೋಗಿ ಹದಿನಾಲ್ಕನೆಯ ಬಿಲ್ಲೆ ತಂದು ಅವರ ಲೋಟದ ಪಕ್ಕ ಇಟ್ಟಳು.

ತೋರಿಸಿದಾಗ ಗೊತ್ತಾಯಿತು, ಸೊಂಟದ ಕೀಲು ಸವೆದಿತ್ತು. ವರ್ಷದಿಂದ ಬಚ್ಚಿಟ್ಟಿದ್ದ ನೋವು. ಆಪರೇಷನ್ ಆಗಬೇಕು, ಆಮೇಲೆ ಮೆಟ್ಟಿಲಿಲ್ಲದ ಮಗಳ ಮನೆಯಲ್ಲೇ ಇರುವುದೆಂದಾಯಿತು. ದವಾಖಾನೆಯನ್ನೂ ಮನೆಯನ್ನೂ ಹಳೆಯ ಶಿಷ್ಯೆಯೊಬ್ಬಳಿಗೆ ಬಿಟ್ಟುಕೊಟ್ಟರು.

ಹೊರಡುವ ದಿನ ಕಾರು ಹಿಂದಿನ ಬಾಗಿಲಲ್ಲಿ ನಿಂತಿತ್ತು. ಅದನ್ನು ಬೀದಿಗೆ ತರಿಸಿದರು. ಬೆಂಚಿನ ಮೇಲೆ ತುಸು ಹೊತ್ತು ಕೂತು, ಕೈಯಲ್ಲಿದ್ದ ಹದಿನಾಲ್ಕನೆಯ ಬಿಲ್ಲೆಯನ್ನು ಅದರ ಮೊಳೆಗೆ ಸಿಕ್ಕಿಸಿ, ರೋಗಿಗಳ ಬಾಗಿಲಿಂದಲೇ ಹೊರಬಿದ್ದರು. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದರು. ಡಾಕ್ಟರಮ್ಮ ಅಂದು ಕುಂಟುವುದನ್ನು ಮುಚ್ಚಿಡಲಿಲ್ಲ.