ಕೌದಿಯ ಹೊಟ್ಟೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ವರ್ಷ ಯಾವ ಹಬ್ಬವೂ ಆಗಲಿಲ್ಲ. ಅದು ಅವ್ವ ತೀರಿಕೊಂಡ ಮೇಲಿನ ವರ್ಷ. ನಮ್ಮ ಮನೆ ಸತ್ತಿ ಎಂಬ ಹಳ್ಳಿಯಲ್ಲಿ, ಕೃಷ್ಣಾ ನದಿಗೆ ಇಳಿಯುವ ಓಣಿಯಲ್ಲಿತ್ತು. ಹಬ್ಬದ ದಿನ ಓಣಿಯ ಎಲ್ಲ ಮನೆಗಳಿಂದ ಬೆಲ್ಲ, ಬೇಳೆ ಕುದಿಯುವ ವಾಸನೆ ಬರುತ್ತಿತ್ತು. ನಮ್ಮ ಒಲೆಯ ಮೇಲೆ ಮಾತ್ರ ದಿನದ ರೊಟ್ಟಿ, ದಿನದ ಪಲ್ಯ. ಮನೆಯಲ್ಲಿ ನಾವು ನಾಲ್ವರು: ಅಪ್ಪ, ಅಪ್ಪನ ತಾಯಿ, ಅಕ್ಕ ಮತ್ತು ನಾನು. ಅಪ್ಪನ ತಾಯಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ನಾನಾಗ ಶಾಲೆಯಲ್ಲಿ ಎರಡನೆಯ ಇಯತ್ತೆ, ಅಕ್ಕ ಹತ್ತನೆಯದು.

ಅಕ್ಕ ಹತ್ತನೆಯದರಲ್ಲಿ ಇದ್ದದ್ದು ಅದು ಎರಡನೆಯ ವರ್ಷ. ಅವಳು ಫೇಲಾಗಿರಲಿಲ್ಲ. ಅವಳ ಹೈಸ್ಕೂಲಿನಲ್ಲಿ ಬರೆಯುವ ಪರೀಕ್ಷೆಗೆ ಮೊದಲು ಕೈಕೆಲಸದ ಪರೀಕ್ಷೆ ಇರುತ್ತಿತ್ತು. ಹುಡುಗರಿಗೆ ಬಡಿಗತನ, ಹುಡುಗಿಯರಿಗೆ ಹೊಲಿಗೆ. ವರ್ಷವೆಲ್ಲ ಕೂತು ಸ್ವಂತ ಕೈಯಿಂದ ಮಾಡಿದ ಒಂದು ವಸ್ತುವನ್ನು ಬೇರೆ ಊರಿನಿಂದ ಬಂದ ಪರೀಕ್ಷಕರ ಮುಂದೆ ಇಡಬೇಕು. ಅವರು ಪಾಸು ಎಂದು ಬರೆದರೆ ಮಾತ್ರ ಹಾಲ್ ಟಿಕೆಟ್. ಹಿಂದಿನ ವರ್ಷ ಆ ಪರೀಕ್ಷೆಯ ಮುಂಜಾನೆಯೇ ಅವ್ವನ ಉಸಿರು ನಿಂತಿತು. ಅಕ್ಕ ಹೊಲಿದಿಟ್ಟಿದ್ದ ಲಂಗ ಚೀಲದಲ್ಲಿಯೇ ಉಳಿಯಿತು. ಹೊಲಿಗೆಯ ಗುಣ, ಅಂದರೆ ಅಂಕ, ಇಲ್ಲದ್ದರಿಂದ ಉಳಿದ ಪರೀಕ್ಷೆಗೂ ಅವಳನ್ನು ಕೂಡಿಸಲಿಲ್ಲ.

ಅಕ್ಕನಿಗೆ ಟೀಚರಾಗಬೇಕು ಎಂದಿತ್ತು. ಅಷ್ಟರಲ್ಲಿ ಕಾಗವಾಡದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಮನೆಯವರು ಒಳ್ಳೆಯವರು, ಆದರೆ ಅವರಿಗೆ ಕಾಯುವ ಮನಸ್ಸಿರಲಿಲ್ಲ. ಅಪ್ಪ ಎರಡು ದಿನ ಹೊಲದಲ್ಲೇ ಉಳಿದು ಕಬ್ಬಿಗೆ ನೀರು ಹಾಯಿಸಿದ. ಮೂರನೆಯ ದಿನ ಉಣ್ಣಲು ಕೂತಾಗ ತಾಟು ನೋಡುತ್ತಲೇ ಅಂದ: “ಇದೊಂದ ಸಲ ಕೂಡ್ರವಾ. ಪಾಸಾದ್ರ ಓದು. ಇಲ್ಲಂದ್ರ ಅವ್ರಿಗೆ ಹೂಂ ಅಂತೀನಿ.” ಅಕ್ಕ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅಷ್ಟೇ.

ಆ ವರ್ಷ ಅವಳು ಪರೀಕ್ಷೆಗೆ ಕೌದಿ ಹೊಲಿಯುತ್ತೇನೆ ಎಂದಳು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಕೈಯಿಂದಲೇ ಹೊಲಿದು ಮಾಡುವ ದಪ್ಪ ಹೊದಿಕೆಯೇ ಕೌದಿ. ಅಕ್ಕ ಅವ್ವನ ಸೀರೆಗಳನ್ನು ತೆಗೆದಳು. ಮೇಲೆ ಹಸಿರು ಇಳಕಲ್ ಸೀರೆ, ಕೆಳಗೆ ಕಂದು ಬಣ್ಣದ್ದು, ನಡುವೆ ಅಪ್ಪನ ಧೋತರ. ಪೆಟ್ಟಿಗೆ ತೆರೆದಾಗ ಒಲೆಯ ಹೊಗೆ, ಅರಿಸಿನ, ಬೇವಿನೆಲೆಗಳ ವಾಸನೆ ಒಟ್ಟಿಗೆ ಬಂತು. ನಾನು ಸೀರೆಯಲ್ಲಿ ಮುಖ ಮುಚ್ಚಿಕೊಂಡು ಕೂತೆ. ಆಯಿ ನನ್ನನ್ನು ಎಬ್ಬಿಸಲಿಲ್ಲ.

ನಮ್ಮ ಓಣಿಯಲ್ಲಿ ಕೌದಿಯನ್ನು ಒಬ್ಬರೇ ಹೊಲಿಯುವ ಪದ್ಧತಿ ಇರಲಿಲ್ಲ. ನಾಲ್ಕು ಮೂಲೆಗೆ ನಾಲ್ವರು ಕೂತು, ಹಾಡುತ್ತ, ಬೈಯುತ್ತ, ನಗುತ್ತ ಮುಗಿಸುತ್ತಿದ್ದರು. ಅಕ್ಕ ಯಾರಿಗೂ ಸೂಜಿ ಕೊಡಲಿಲ್ಲ. ಪರೀಕ್ಷೆಯ ವಸ್ತುವಿಗೆ ಬೇರೆಯವರ ಕೈ ಹತ್ತಬಾರದು ಎನ್ನುವುದು ನಿಯಮ. ಪಕ್ಕದ ಮನೆಯ ಕಾಕು ಕಟ್ಟೆಯ ಮೇಲೆ ಕೂತು ದಿನಾ ಕೆಣಕುತ್ತಿದ್ದಳು: “ನಾವು ಮುಟ್ಟಿದ್ರ ನಿನ್ನ ಪರೀಕ್ಷಾ ಸವದು ಹೊಕ್ಕೈತೇನ?” ಅಕ್ಕ ತಲೆ ಎತ್ತದೆ ಹೇಳುತ್ತಿದ್ದಳು: “ನೀ ಹಾಡು ಹೇಳ ಕಾಕು. ಹಾಡಿಗೆ ಮಾರ್ಕ ಇಲ್ಲ, ಯಾರರ ಹೇಳಬೌದು.” ಕಾಕು ನಗುತ್ತ ಹಾಡುತ್ತಿದ್ದಳು. ಅವ್ವ ಹಾಡುತ್ತಿದ್ದ ಹಾಡು ಬಂದರೆ ಮಾತ್ರ ನಡುವೆಯೇ ನಿಲ್ಲಿಸಿ, ಬೇರೆಯದನ್ನು ಹಿಡಿಯುತ್ತಿದ್ದಳು.

ಕೌದಿಯನ್ನು ಅಂಚಿನಿಂದ ಹೊಲಿಯುತ್ತ, ಸುತ್ತು ಬರುತ್ತ, ಒಳಗೆ ಒಳಗೆ ಹೋಗಬೇಕು. ಕೊನೆಗೆ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಬರಿದೇ ಮುಚ್ಚಬಾರದು. ಹೊದ್ದವರು ಹಸಿದು ಮಲಗಬಾರದೆಂದು ಒಣ ರೊಟ್ಟಿಯ ಒಂದು ಚೂರು ಒಳಗಿಟ್ಟು ಹೊಲಿಯುತ್ತಿದ್ದರು. ಇಡುವವರು ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು. ಅಂದರೆ ನಾನು.

ಪರೀಕ್ಷೆಯ ಹಿಂದಿನ ದಿನ ಕಾಕುವಿನ ಮನೆಯಲ್ಲಿ ಬಸುರಿ ಮಗಳ ಸೀಮಂತ, ನಮ್ಮ ಕಡೆಯ ಕುಬಸ, ಇತ್ತು. ಸೂತಕದ ವರ್ಷವೆಂದು ನಾವು ಹೋಗಲಿಲ್ಲ. ಸಂಜೆ ಕಾಕು ತಾನೇ ಬಂದು, ಎಲೆಯಲ್ಲಿ ಸುತ್ತಿದ ಎರಡು ಹೋಳಿಗೆ ಕೊಟ್ಟು ಹೋದಳು. ಬಿಸಿ ತುಪ್ಪ ಎಲೆಯ ಸಂದಿಯಿಂದ ಸೋರಿ ನನ್ನ ಬೆರಳಿಗೆ ಇಳಿಯಿತು. ನನಗೆ ಅವ್ವ ನೆನಪಾದಳು. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಅವಳು ಕೇಳಿದ್ದು ಅದೊಂದೇ, ಹೋಳಿಗೆ. ಜ್ವರ ಇಳಿಯಲಿ, ಮಾಡಿಕೊಡುತ್ತೇನೆ ಎಂದು ಆಯಿ ಹೇಳಿದ್ದಳು. ಜ್ವರ ಇಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಕರೆದಳು. “ಬಾರ, ಹೊಟ್ಟಿ ತುಂಬಸು.” ಒಣ ರೊಟ್ಟಿಯ ಚೂರು ನನ್ನ ಕೈಗೆ ಕೊಟ್ಟು, ಸೂಜಿಗೆ ದಾರ ಪೋಣಿಸಲು ದೀಪದ ಕಡೆ ತಿರುಗಿದಳು. ನನ್ನ ಇನ್ನೊಂದು ಮುಷ್ಟಿಯಲ್ಲಿ ಹೋಳಿಗೆಯ ತುಂಡಿತ್ತು. ಹಸಿರು ಸೀರೆಯ ನಡುವೆ ತೆರೆದ ಆ ಬಾಯಿ ನನಗೆ ಅವ್ವನ ಹೊಟ್ಟೆಯ ಹಾಗೆಯೇ ಕಂಡಿತು. ಹೋಳಿಗೆಯನ್ನು ಒಳಗಿಟ್ಟೆ. ರೊಟ್ಟಿಯ ಚೂರನ್ನು ನಾನು ತಿಂದೆ. ಅಕ್ಕ ತಿರುಗಿ ಬಂದು ಸಣ್ಣ ಸಣ್ಣ ಹೊಲಿಗೆ ಹಾಕಿ ಮುಚ್ಚಿದಳು, ಹಲ್ಲಿನಿಂದ ದಾರ ಕಡಿದಳು.

ಮರುದಿನ ಅಪ್ಪ ಕೌದಿಯನ್ನು ಮಡಚಿ ಹೆಗಲ ಮೇಲೆ ಹೊತ್ತುಕೊಂಡ. ನಾನು ಅತ್ತು ಹಟ ಮಾಡಿ ಜೊತೆಗೆ ಹೋದೆ. ಬಸ್ಸಿಳಿದು ಶಾಲೆ ಮುಟ್ಟಿದಾಗ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ಹುಡುಗಿಯರು ತಮ್ಮ ವಸ್ತುಗಳನ್ನು ಹರವಿಕೊಂಡಿದ್ದರು. ನವಿಲಿನ ಕಸೂತಿ ತೆಗೆದ ತಲೆದಿಂಬಿನ ಚೀಲ, ಫ್ರಾಕು, ಮೇಜಿನ ಹಾಸು. ಕೌದಿ ಅಕ್ಕನದೊಂದೇ. ಅಪ್ಪನೂ ನಾನೂ ಬಾಗಿಲ ಹೊರಗೆ ನಿಂತೆವು.

ಪರೀಕ್ಷೆಗೆ ಬಂದವರು ವಯಸ್ಸಾದ ಹೆಂಗಸು. ಹೆಣ್ಣು ಶಿಕ್ಷಕರನ್ನು ನಮ್ಮ ಕಡೆ ಬಾಯಾರು ಎನ್ನುತ್ತಿದ್ದೆವು. ಆ ಬಾಯಾರ ಕೈಯಲ್ಲಿ ಒಂದು ಉಕ್ಕಿನ ಪಟ್ಟಿ ಇತ್ತು. ಅದನ್ನು ಹೊಲಿಗೆಯ ಮೇಲಿಟ್ಟು, ಒಂದು ಬೆರಳಿನ ಅಳತೆಯಲ್ಲಿ ಎಷ್ಟು ಹೊಲಿಗೆ ಬಿದ್ದಿವೆ ಎಂದು ಎಣಿಸುತ್ತಿದ್ದರು. ಅಕ್ಕನ ಕೌದಿಯ ನಾಲ್ಕೂ ಅಂಚು ಎಣಿಸಿದರು. ಪೂರ್ತಿ ಬಿಡಿಸಿ ಹಾಸು ಎಂದರು. ಅಕ್ಕ ಕೊನೆಯ ಮಡಿಕೆ ತೆರೆದಳು.

ನಟ್ಟನಡುವೆ ಅಂಗೈಯಗಲ ಜಿಡ್ಡಿನ ಕಲೆ. ತುಪ್ಪ ಹೀರಿದ ಹಸಿರು ಸೀರೆ ಕಪ್ಪಾಗಿ ಹೊಳೆಯುತ್ತಿತ್ತು. ಅದರ ಮೇಲೆ ಕೆಂಪಿರುವೆಗಳ ಸಾಲು.

“ಕೌದಿ ಹೊಲದಿಯೋ, ಇರುವಿ ಸಾಕೀಯೋ?” ಎಂದರು ಬಾಯಾರು. ಹುಡುಗಿಯರು ಕಿಸಕ್ಕನೆ ನಕ್ಕರು.

“ಹೊಟ್ಟಿಯೊಳಗ ರೊಟ್ಟಿ ಐತ್ರಿ, ಬಾಯಾರ. ಒಣಾ ರೊಟ್ಟಿ.”

“ಒಣಾ ರೊಟ್ಟಿಗೆ ಇಷ್ಟ ಜಿಡ್ಡ ಇರ್ತೈತೇನು? ಬಿಚ್ಚು.”

“ತುಂಬಿದ ಹೊಟ್ಟಿ ಬಿಚ್ಚಬಾರದ್ರಿ. ನಮ್ಮ ಆಯಿ ಹೇಳ್ಯಾಳ್ರಿ.”

“ನಿಮ್ಮ ಆಯಿ ಬಂದು ಮಾರ್ಕ ಕೊಡ್ತಾಳೇನು? ಬಿಚ್ಚೂದಿಲ್ಲಂದ್ರ ಸೊನ್ನಿ ಬರದು ಮುಂದ ಹೊಕ್ಕೀನಿ.”

ಬಾಯಾರು ಪೆನ್ನು ತೆಗೆದರು. ಅಕ್ಕ ಮೆಲ್ಲಗೆ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದಳು. ನನ್ನನ್ನೇ ನೋಡಿದಳು. ಅವಳಿಗೆ ಗೊತ್ತಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ನಾನು ಅಪ್ಪನ ಧೋತರದ ಹಿಂದೆ ಸರಿದೆ. ಪೆನ್ನಿನ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು. ಕಾಗವಾಡ ಎಂಬ ಊರು ನಾನು ನೋಡಿರಲಿಲ್ಲ. ಅಕ್ಕನನ್ನು ಅಲ್ಲಿಗೆ ನಾನೇ ಕಳಿಸುತ್ತಿದ್ದೇನೆ ಎನಿಸಿತು.

“ನಾ ಇಟ್ಟೀನ್ರಿ,” ಅಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಒಳಗೆ ಹೋಗಿ ಮತ್ತೊಮ್ಮೆ ಹೇಳಿದೆ. “ಹೋಳಿಗಿ ನಾ ಇಟ್ಟೀನ್ರಿ. ಅಕ್ಕಗ ಗೊತ್ತಿಲ್ರಿ.”

“ಯಾಕ?”

“ಅವ್ವ ಬೇಡಿದ್ಲ್ರಿ. ಇದು ಅವ್ವನ ಸೀರಿ ರೀ.”

ಬಾಯಾರು ಪಕ್ಕದ ಹುಡುಗಿಯ ತಲೆದಿಂಬಿನ ಚೀಲ ಎತ್ತಿಕೊಂಡು, ಅದನ್ನು ಆಗಲೇ ನೋಡಿ ಮುಗಿಸಿದ್ದರೂ, ಬಹಳ ಹೊತ್ತು ನೋಡಿದರು. ಆಮೇಲೆ ಅಕ್ಕನಿಗೆ ಹೇಳಿದರು, ದನಿ ಅದೇ ಗಡಸು: “ಬಿಚ್ಚವಾ. ಹಿಂಗ ಬಿಟ್ರ ಇರುವಿ ಸೀರೀನೂ ಕಡದು ಹಾಕ್ತಾವ. ಸೀರಿ ಉಳೀಬೇಕೋ ಬ್ಯಾಡೋ?”

ಅಕ್ಕ ಕೆಳಗೆ ಕೂತಳು. ಕತ್ತರಿ ಹಿಡಿಯಲಿಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿದಳು. ಇರುವೆಗಳು ಅವಳ ಮಣಿಕಟ್ಟಿಗೆ ಹತ್ತಿದವು, ಕಡಿದವು. ಅವಳು ಕೈ ಕೊಡವಲಿಲ್ಲ. ಹೋಳಿಗೆಯ ತುಂಡು ಹೊರಗೆ ಬಂದಾಗ ಅದನ್ನು ಎಲ್ಲಿಡುವುದೆಂದು ತಿಳಿಯದೆ ಅಂಗೈಯಲ್ಲೇ ಹಿಡಿದುಕೊಂಡಳು. ಆಗ ಅಪ್ಪ ಚಪ್ಪಲಿ ಕಳಚಿ ಒಳಗೆ ಬಂದ. ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡ. ಹೊರಗೆ ಹೋಗಿ ಬೇವಿನ ಗಿಡದ ಬುಡದಲ್ಲಿಟ್ಟ. ಇಟ್ಟು ಅಲ್ಲಿಯೇ ನಿಂತ. ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು.

ಅಕ್ಕ ನಳದ ಹತ್ತಿರ ಹೋಗಿ, ಕೌದಿಯ ನಡುವಿನಷ್ಟು ಭಾಗವನ್ನೇ ಸೋಪು ಹಚ್ಚಿ ತಿಕ್ಕಿದಳು. ಇರುವೆ ಹೋದವು, ಕಲೆ ಹೋಗಲಿಲ್ಲ. ಬಿಸಿಲಿಗೆ ಹಿಡಿದು ಆರಿಸಿ ತಂದಳು. “ನನ್ನ ಮುಂದನ ಮುಚ್ಚು, ನಿನ್ನ ಕೈ ಹೆಂಗ ಓಡ್ತೈತಿ ನೋಡ್ತೀನಿ,” ಎಂದರು ಬಾಯಾರು. ಅಕ್ಕ ಸೂಜಿ ಹಿಡಿದಳು, ಚುಚ್ಚಲಿಲ್ಲ.

“ಮತ್ತೇನು?”

“ಬರೇ ಹೊಟ್ಟಿ ಮುಚ್ಚಾಕ ಬರೂದಿಲ್ರಿ, ಬಾಯಾರ.”

ಬಾಯಾರು ತಮ್ಮ ಚೀಲ ತೆರೆದು ಊಟದ ಡಬ್ಬಿ ತೆಗೆದರು. ಅದರಲ್ಲಿ ಕಡಕ್ ಜೋಳದ ರೊಟ್ಟಿ ಇತ್ತು. ಚಿಟ್ಟನೆ ಒಂದು ಚೂರು ಮುರಿದರು. ಅಕ್ಕನಿಗೆ ಕೊಡಲಿಲ್ಲ, ನನ್ನನ್ನು ಹತ್ತಿರ ಕರೆದು ನನ್ನ ಕೈಯಲ್ಲಿಟ್ಟರು. “ಸಣ್ಣಾಕಿ ಇಡಬೇಕಲ್ಲ? ಇಡು. ತಿಂದಗಿಂದಿ ಮತ್ತ.”

ಅವರಿಗೂ ಆ ಪದ್ಧತಿ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಅಕ್ಕ ಹೊಲಿದಳು. ಬಾಯಾರು ಪಟ್ಟಿ ಇಟ್ಟು ಎಣಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: “ಹೊಲಿಗಿ ಚಲೋ ಐತಿ. ಜಿಡ್ಡಿನ ಕಲಿಗೆ ಎರಡು ಗುಣ ಕಳದೀನಿ. ಕಲಿ ಅಂದ್ರ ಕಲೀನ.” ಹಾಳೆಯಲ್ಲಿ ಹಾಗೆಯೇ ಬರೆದರು. ಅಕ್ಕ ತಲೆ ಬಾಗಿ ನಮಸ್ಕಾರ ಮಾಡಿದಳು. ಪಾಸಾಗಿದ್ದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಯಾವಾಗ ಪೆಟ್ಟು ಬೀಳುತ್ತದೋ ಎಂದು ಕಾಯುತ್ತಿದ್ದೆ. ಅಪ್ಪ ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತಿದ್ದ. ಸೋಪಿನ ವಾಸನೆಯ ಕೌದಿ ಅಕ್ಕನ ಮತ್ತು ನನ್ನ ತೊಡೆಯ ಮೇಲಿತ್ತು. ಅಕ್ಕನ ಮಣಿಕಟ್ಟು ಇರುವೆ ಕಡಿದು ಊದಿತ್ತು. ನದಿ ಕಾಣುವ ತಿರುವು ಬಂದಾಗ ಅವಳು ನನ್ನ ಕಿವಿಯ ಹತ್ತಿರ ಬಗ್ಗಿ ಅಂದಳು: “ಇರ್ಲಿ ಬಿಡ. ಒಂದ ರಾತ್ರಿಯರ ಅವ್ವ ಹೋಳಿಗಿ ಉಂಡು ಮಲಗಿದ್ಲು.”

ಅಕ್ಕ ಬರೆಯುವ ಪರೀಕ್ಷೆಯನ್ನೂ ಪಾಸು ಮಾಡಿ ಮುಂದೆ ಟೀಚರಾದಳು. ತೆಲಸಂಗದಲ್ಲಿ, ರಾಯಬಾಗದಲ್ಲಿ, ಮತ್ತೆ ಎಷ್ಟೋ ಊರುಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆ ಹೊಲಿಗೆಯನ್ನೂ ಕಲಿಸಿದಳು. ವರ್ಗವಾದಲ್ಲೆಲ್ಲ ಕೌದಿ ಅವಳ ಜೊತೆ ಹೋಯಿತು. ಹೋದ ತಿಂಗಳು ಅಕ್ಕ ತೀರಿಕೊಂಡಳು. ಅವಳ ಮನೆಯವರು ನನಗೆ ಕೌದಿಯನ್ನು ಕಳಿಸಿದರು. ಹಸಿರು ಸೀರೆ ಬೂದಿಯ ಬಣ್ಣಕ್ಕೆ ಬಂದಿದೆ. ಕಲೆ ಮಾತ್ರ ಎಲ್ಲಿತ್ತೋ ಅಲ್ಲಿಯೇ ಇದೆ.

ಮೊಮ್ಮಕ್ಕಳೇ, ಈಗ ಚಿಕ್ಕೋಡಿಯ ನಮ್ಮ ಮನೆಯಲ್ಲಿ ನಿಮ್ಮಿಬ್ಬರಲ್ಲಿ ದೊಡ್ಡವಳು ಹತ್ತನೆಯ ತರಗತಿ, ಚಿಕ್ಕವನು ಎರಡನೆಯದು. ದೊಡ್ಡವಳ ಶಾಲೆಯ ಹಾಳೆಯಲ್ಲೂ ಚಿತ್ರಕಲೆ, ಕಾರ್ಯಾನುಭವ ಎಂಬ ಸಾಲುಗಳಿವೆ. ಅದಕ್ಕೆ ಬೇಕಾದ ಕಾಗದದ ಹೂವನ್ನು ನಾವು ಸ್ಟೇಶನರಿ ಅಂಗಡಿಯಿಂದ ತಂದು, ಹೆಸರು ಅಂಟಿಸಿ ಕೊಟ್ಟೆವು. ‘ಎ ಪ್ಲಸ್’ ಬಂತು. ಅವಳನ್ನು ನಾನು ಬೈಯುವುದಿಲ್ಲ. ಇರುವ ಹೊತ್ತಿನಲ್ಲಿ ಅವಳು ಕಲಿಯಬೇಕಾದದ್ದು ಬಹಳ ಇದೆ, ಅದರಲ್ಲಿ ಅರ್ಧ ನನಗೆ ಹೆಸರು ಹೇಳಲೂ ಬರುವುದಿಲ್ಲ. ಅವಳ ಹೂವನ್ನು ಯಾರೂ ಬಿಚ್ಚಿ ನೋಡಲಿಲ್ಲ, ಅಷ್ಟೇ.

ಹೋದ ಭಾನುವಾರ ಕೌದಿಯನ್ನು ಬಿಸಿಲಿಗೆ ಹಾಕಿದಾಗ ನಡುವಿನ ಹೊಲಿಗೆ ಬಿಟ್ಟಿರುವುದನ್ನು ನೋಡಿದ್ದು ಅವಳೇ. ಒಳಗೆ ಬೆರಳು ಹಾಕಿದರೆ ಹಿಟ್ಟಿನಂಥ ಪುಡಿ, ಅಷ್ಟೇ. ತಾನೇ ಹೊಲಿಯುತ್ತೇನೆ ಎಂದಳು. ಸೂಜಿಗೆ ದಾರ ಪೋಣಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ರೊಟ್ಟಿಯ ಬುಟ್ಟಿಯಿಂದ ಒಂದು ಒಣ ಚೂರು ತಂದು ಚಿಕ್ಕವನ ಕೈಯಲ್ಲಿಟ್ಟೆ. ಅವನ ಇನ್ನೊಂದು ಮುಷ್ಟಿಯನ್ನೂ ಬಿಡಿಸಿ ನೋಡಿದೆ. ಬರಿದಾಗಿತ್ತು. ಯಾಕೆ ನೋಡಿದೆ ಎಂದು ಅವನಿಗೆ ತಿಳಿಯಲಿಲ್ಲ.

ದೊಡ್ಡವಳು ಉದ್ದುದ್ದ ಹೊಲಿಗೆ ಹಾಕಿ ಮುಗಿಸಿದಳು. ಕೌದಿಯನ್ನು ನನ್ನ ಮುಂದೆ ಹಾಸಿ, “ಎಷ್ಟ ಮಾರ್ಕ್ಸ್ ಅಜ್ಜಿ?” ಎಂದಳು. ಅದನ್ನು ಹೇಳಬೇಕಾದ ಅಕ್ಕ ಈಗಿಲ್ಲ. ನಾನು ಕಲೆಯ ಮೇಲೆ ಕೈಯಿಟ್ಟೆ.

“ಎರಡು ಕಡಿಮಿ,” ಅಂದೆ.

“ಯಾಕ?” ಎಂದು ಇಬ್ಬರೂ ಕೇಳಿದಿರಿ. ಆಗ ಹೇಳದೆ ಕೌದಿಯನ್ನು ಮಡಚಿಟ್ಟೆ. ಅದಕ್ಕೇ ಇದನ್ನು ಬರೆದಿದ್ದೇನೆ.